ವೇಳಾಪಟ್ಟಿ ಅಕ್ಕ ಬಿಡಿಸಿಕೊಟ್ಟ ದಿನ

ವಿಶ್ವವಿದ್ಯಾಲಯದ ವಿಜ್ಞಾನ ನಿಕಾಯದಲ್ಲಿ ಯಾವ ಮೇಷ್ಟ್ರು ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ಪಾಠ ಮಾಡಬೇಕೆಂದು ಹತ್ತೊಂಬತ್ತು ವರ್ಷಗಳಿಂದ ಪಟ್ಟಿ ಹಾಕುತ್ತಿದ್ದವರು ಕಚೇರಿಯ ಒಬ್ಬ ಗುಮಾಸ್ತೆ. ಎಲ್ಲರ ಬಾಯಲ್ಲೂ ಅವರು ವೇಳಾಪಟ್ಟಿ ಅಕ್ಕ. ಮಾತು ತುಸು ಖಾರ. ಕೋಣೆ ಬದಲಿಸಿಕೊಡಿ ಎಂದು ಬಂದವರು ಪ್ರೊಫೆಸರೇ ಆದರೂ ಕಾರಣ ಹೇಳದೆ ಬಾಗಿಲು ದಾಟುವಂತಿರಲಿಲ್ಲ.

ಆ ವರ್ಷ ಡೀನ್ ಮುಂದಿನ ಐದು ವರ್ಷಗಳ ಬೋಧನೆ ಮತ್ತು ಸಂಶೋಧನೆಯ ಯೋಜನೆ ಸಿದ್ಧಪಡಿಸಬೇಕಿತ್ತು. ಮೂರು ಸಭೆಗಳಾದವು. ಸಂಶೋಧನೆ ಯಾಕೆ ಸೊರಗಿದೆ ಎಂದರೆ ಎಲ್ಲರದೂ ಒಂದೇ ರಾಗ: ಪಾಠ ಜಾಸ್ತಿ, ಪುರುಸೊತ್ತಿಲ್ಲ. ನಾಲ್ಕನೇ ಸಭೆಯಲ್ಲಿ ನಡಾವಳಿ ಬರೆದುಕೊಳ್ಳುತ್ತಿದ್ದ ಅಕ್ಕ ತಡೆಯಲಾರದೆ ಬಾಯಿಬಿಟ್ಟರು.

"ಪುರುಸೊತ್ತು ಇದೆ ಸರ್. ಚೂರುಚೂರಾಗಿದೆ ಅಷ್ಟೆ."

"ಹಾಗಂದ್ರೆ?" ಡೀನ್ ಕೇಳಿದರು.

"ರಸಾಯನಶಾಸ್ತ್ರದ ಮೇಡಂಗೆ ದಿನಾ ಒಂಬತ್ತಕ್ಕೊಂದು ಪಾಠ, ಹನ್ನೆರಡಕ್ಕೊಂದು, ಮೂರಕ್ಕೊಂದು. ಮಧ್ಯದಲ್ಲಿ ಸಿಗೋ ಹೊತ್ತಲ್ಲಿ ಯಾವ ಪ್ರಯೋಗಕ್ಕೆ ಕೈ ಹಾಕ್ತಾರೆ? ಆ ಪಟ್ಟಿ ಹಾಕಿದ್ದು ನಾನೇ. ತಪ್ಪು ನಂದೇ. ಒಬ್ಬೊಬ್ಬರಿಗೂ ವಾರಕ್ಕೊಂದು ಪೂರ್ತಿ ದಿನ ಬಿಡಿಸಿಕೊಡ್ತೀನಿ. ಆದ್ರೆ ಉಳಿದ ದಿನ ಬೆಳಿಗ್ಗೆ ಎಂಟರ ತರಗತಿ ಬೇಡ ಅಂತ ಯಾರೂ ಮುಖ ತಿರುಗಿಸಬಾರದು."

ರಜೆಯಲ್ಲಿ ಅಕ್ಕ ದರ್ಜಿ ಗಂಡನ ಬಟ್ಟೆ ಕತ್ತರಿಸುವ ಮೇಜನ್ನೇ ಆಕ್ರಮಿಸಿಕೊಂಡರು. ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಬಣ್ಣದ ಬಟ್ಟೆಯ ಚೂರು. ನಲವತ್ತಮೂರು ಜನರ ವಾರವನ್ನು ಗುಂಡುಸೂಜಿಯಲ್ಲಿ ಚುಚ್ಚುವುದು, ಕೀಳುವುದು.

"ನಿಮ್ಮ ಪ್ರೊಫೆಸರುಗಳಿಗಿಂತ ನನ್ನ ಗಿರಾಕಿಗಳೇ ವಾಸಿ ಕಣೆ," ಗಂಡ ನಕ್ಕರು. "ಅಳತೆ ಕೊಟ್ಟು ಸುಮ್ಮನೆ ಮನೆಗೆ ಹೋಗ್ತಾರೆ."

ಭೌತಶಾಸ್ತ್ರದ ಹಿರಿಯ ಪ್ರೊಫೆಸರು ಮಾತ್ರ ಪಟ್ಟು ಬಿಡಲಿಲ್ಲ. "ಎಂಟಕ್ಕೆಲ್ಲ ನನ್ ಕೈಲಾಗಲ್ಲಮ್ಮ."

ಅಕ್ಕ ವಾದಕ್ಕಿಳಿಯಲಿಲ್ಲ. "ಗುರುವಾರ ಇಡೀ ದಿನ ಯಾರೂ ನಿಮ್ಮನ್ನ ಕರೆಯಲ್ಲ ಅಂದ್ರೆ ಏನ್ ಮಾಡ್ತೀರಿ ಸರ್?"

ಪ್ರೊಫೆಸರು ತಮ್ಮ ಕೋಣೆಯ ಬೀರುವಿನತ್ತ ನೋಡಿದರು. ಹನ್ನೊಂದು ವರ್ಷದಿಂದ ಅರ್ಧಕ್ಕೇ ನಿಂತ ಲೆಕ್ಕಾಚಾರದ ಕಟ್ಟು ಅದರೊಳಗಿತ್ತು. ಅಕ್ಕನತ್ತ ತಿರುಗಿ, "ಎಂಟಕ್ಕೆ ಯಾವ ಕೋಣೆ?" ಎಂದರು.

ಹೊಸ ಪಟ್ಟಿ ಜಾರಿಗೆ ಬಂದ ಮೊದಲ ತಿಂಗಳು ಫಜೀತಿಯೇ ಆಯಿತು. ಎರಡು ತರಗತಿಗಳು ಒಂದೇ ಕೋಣೆಗೆ ಬಂದು ನಿಂತವು. ಅಕ್ಕ ತಾವೇ ಮೊಗಸಾಲೆಗೆ ಹೋಗಿ ವಿದ್ಯಾರ್ಥಿಗಳ ಕ್ಷಮೆ ಕೇಳಿ, ಸಂಜೆಯೊಳಗೆ ಪಟ್ಟಿ ತಿದ್ದಿದರು. ಆಮೇಲೆ ಎಲ್ಲ ಹದಕ್ಕೆ ಬಂತು. ಮೂರನೇ ವರ್ಷ ರಸಾಯನಶಾಸ್ತ್ರದ ಮೇಡಂ ಬಳಿ ಇಬ್ಬರು ಡಾಕ್ಟರೇಟ್ ಮುಗಿಸಿದರು. ಹಿರಿಯ ಪ್ರೊಫೆಸರ ಪ್ರಬಂಧ ಅಚ್ಚಾಯಿತು. ಅದರ ಮೊದಲ ಪ್ರತಿಯನ್ನು ಅವರು ತಾವೇ ಕಚೇರಿಗೆ ತಂದು ಅಕ್ಕನ ಕೈಗಿಟ್ಟರು. ಅಕ್ಕನಿಗೆ ಅದರಲ್ಲಿ ಒಂದು ಸಾಲೂ ಅರ್ಥವಾಗಲಿಲ್ಲ, ಆದರೂ ಕೊನೆಯ ಪುಟದವರೆಗೆ ತಿರುವಿ ನೋಡಿದರು.

ಪಕ್ಕದ ವಾಣಿಜ್ಯ ನಿಕಾಯದ ಡೀನ್ ಬಂದು, "ನಮಗೂ ಇಂಥದ್ದೊಂದು ಪಟ್ಟಿ ಕೊಡಿ," ಎಂದರು.

"ಪಟ್ಟಿ ಆಮೇಲೆ ಸರ್," ಅಕ್ಕ ಎದ್ದು ನಿಂತರು. "ಮೊದಲು ನಿಮ್ಮ ಮೇಷ್ಟ್ರುಗಳಲ್ಲಿ ಒಬ್ಬೊಬ್ಬರ ಹತ್ರಾನೂ ಮಾತಾಡ್ಬೇಕು."