ಕ್ಲೆಲಿಯ ಅಡುಗೆಮನೆಯಲ್ಲಿ ಮೂವತ್ತನಾಲ್ಕು ಮೊಟ್ಟೆ

ಕ್ಲೆಲಿ ವೆರೆ ಅನ್ನುವವಳಿಗೆ ಐವತ್ತೊಂದು ತುಂಬಿದರೂ ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಡುತ್ತಿದ್ದಳು. ಪಾದ್ರಿ ಕೇಳಿದರೆ, "ನನ್ನ ಪಾಲಿನವನನ್ನ ದೇವರು ಇನ್ನೂ ಬೇಯಿಸ್ತಾ ಇದಾನೆ ಫಾದರ್, ಅವಸರ ಮಾಡಿದ್ರೆ ಹಸಿಹಸಿ ಕೊಟ್ಬಿಡ್ತಾನೆ" ಅನ್ನುತ್ತಿದ್ದಳು. ತಂಗಿ ಎಲ್ಮೀರ್ ಕೇಳಿದರೆ, "ನಿನ್ನ ಗಂಡನ್ನ ನೋಡಿದ್ಮೇಲೆ ಇದ್ದ ಆಸೆನೂ ಹೋಯ್ತು" ಅನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಪುರುಸೊತ್ತೇ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಚಪ್ಪಟೆ ದೋಣಿಯನ್ನು ಗಳ ಊರಿ ತಳ್ಳಿಕೊಂಡು, ನೀರಲ್ಲೇ ಬೇರೂರಿ ನಿಂತ ಸೈಪ್ರೆಸ್ ಮರಗಳ ನಡುವೆ ಸಿಗಡಿ ಬಲೆ ಎತ್ತಲು ಹೊರಟರೆ ವಾಪಸು ಬರುವಾಗ ಮಧ್ಯಾಹ್ನ. ಆಮೇಲೆ ಮೀನಿನ ಗಾಳ, ಆಮೇಲೆ ಒಲೆಯ ಮೇಲೆ ಗಂಬೋ ಸಾರು, ಆಮೇಲೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಮದಾಮ್ ಜೊತೆ ಮಾತು.

ಮದಾಮ್ ಅಂದರೆ ಮೊಸಳೆ. ಐದು ಮೊಳ ಉದ್ದದ ಹೆಣ್ಣು, ಎಡಗಣ್ಣು ಇಲ್ಲ. ಬಯೂ ಕನಾರ್ ಅನ್ನುವ ಆ ಮಂದ ಹೊಳೆ ತಿರುವು ತೆಗೆದುಕೊಳ್ಳುವಲ್ಲಿ ಕ್ಲೆಲಿಯ ಮನೆ ಕಂಬಗಳ ಮೇಲೆ ನಿಂತಿತ್ತು. ಮನೆಯ ಹಿಂದಿನ ಜೌಗಿನಲ್ಲಿ ಮದಾಮ್ ಮೂತಿಯಿಂದ ಕೆಸರು ನೂಕಿ, ಬಾಲದಿಂದ ಬಡಿದು, ಹದಿನಾಲ್ಕು ವರ್ಷದಲ್ಲಿ ಒಂದು ಹೊಂಡವನ್ನೇ ತೋಡಿಕೊಂಡಿದ್ದಳು. ಮಳೆ ಕೈಕೊಟ್ಟ ವರ್ಷ ಸುತ್ತಲಿನ ನೀರೆಲ್ಲ ಒಣಗಿದರೂ ಆ ಹೊಂಡ ಒಣಗುತ್ತಿರಲಿಲ್ಲ. ಮೀನು, ಆಮೆ, ಕಪ್ಪೆ, ಕೊಕ್ಕರೆ ಎಲ್ಲವೂ ಅಲ್ಲಿಗೇ ಬಂದು ಬಿಡಾರ ಹೂಡುತ್ತಿದ್ದವು. ಮದಾಮ್ ಯಾರನ್ನೂ ಓಡಿಸುತ್ತಿರಲಿಲ್ಲ. ಹಸಿವಾದಾಗ ಮಾತ್ರ ಬಿಡಾರದವರಲ್ಲಿ ಒಬ್ಬರು ಕಡಿಮೆಯಾಗುತ್ತಿದ್ದರು.

ಹೊಳೆಯ ಆಚೆ ದಡದಲ್ಲಿ ಓನೆಜಿಮ್ ಅನ್ನುವ ದೋಣಿ ಬಡಗಿ ಇದ್ದ. ಐವತ್ತೆಂಟು ವಯಸ್ಸು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಒಳ್ಳೆಯ ಕೈ, ಮೆತ್ತನೆ ಮಾತು, ಆದರೆ ಮೊಸಳೆ ಅಂದರೆ ಪ್ರಾಣ ಬಾಯಿಗೆ ಬರುವಷ್ಟು ಭಯ. ಜೌಗಿನಲ್ಲೇ ಹುಟ್ಟಿ, ಜೌಗಿನಲ್ಲೇ ಬೆಳೆದು ಮೊಸಳೆಗೆ ಹೆದರುವವನು ಅಂತ ಊರೆಲ್ಲ ಅವನನ್ನು ಆಡಿಕೊಳ್ಳುತ್ತಿತ್ತು. ಚರ್ಚಿನ ವಾದ್ಯಮೇಳದಲ್ಲಿ ಅವನದು ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ತುತ್ತೂರಿ. ಹೆಬ್ಬಾವಿನ ಹಾಗೆ ಮೈಗೆ ಸುತ್ತಿಕೊಂಡು ಊದುವಂಥದ್ದು.

ಆ ವರ್ಷ ಏಪ್ರಿಲ್ ಕೊನೆಯಲ್ಲಿ, ಹಬ್ಬದ ಮೆರವಣಿಗೆಗೆ ಅಭ್ಯಾಸ ಮಾಡೋಣ ಅಂತ ಅವನು ಬೆಳಗ್ಗೆ ತನ್ನ ಕಟ್ಟೆಯ ಮೇಲೆ ಕೂತು ಎಲ್ಲಕ್ಕಿಂತ ತಗ್ಗಿನ ಸ್ವರ ಹಿಡಿದ. ಕ್ಲೆಲಿ ನಡುಹೊಳೆಯಲ್ಲಿ ದೋಣಿ ನಿಲ್ಲಿಸಿದ್ದಳು. ಅವಳಿಂದ ಹತ್ತು ಮಾರು ದೂರದಲ್ಲಿ ಒಂದು ಭಾರಿ ಗಂಡು ಮೊಸಳೆ ತಲೆಯನ್ನೂ ಬಾಲವನ್ನೂ ಮೇಲೆತ್ತಿತು. ಮೊದಲು ಸದ್ದೇ ಇಲ್ಲ. ಅದರ ಬೆನ್ನಿನ ಮೇಲಿನ ನೀರು ಮಾತ್ರ ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಕುಣಿಯಿತು. ಆಮೇಲೆ ಬಂತು ಗರ್ಜನೆ. ದೋಣಿಯ ಹಲಗೆ ಕ್ಲೆಲಿಯ ಪಾದದ ಕೆಳಗೆ ನಡುಗಿತು. ಅದು ಮುಗಿಯುವಷ್ಟರಲ್ಲಿ ತಿರುವಿನ ಆಚೆಯಿಂದ ಇನ್ನೊಂದು, ಜೊಂಡಿನ ಒಳಗಿಂದ ಮತ್ತೊಂದು. ಓನೆಜಿಮ್ ಕಾಲಿಗೆ ಬುದ್ಧಿ ಹೇಳಿದ. ಆದರೆ ತುತ್ತೂರಿ ಬಿಚ್ಚುವುದು ಮರೆತು, ಬಾಗಿಲಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡ.

ಕ್ಲೆಲಿ ನಕ್ಕು ನಕ್ಕು ಗಳವನ್ನೇ ನೀರಿಗೆ ಬಿಟ್ಟಳು. ಕೊನೆಗೆ ಕೈಯಲ್ಲೇ ನೀರು ತಳ್ಳಿಕೊಂಡು ಅವನ ದಡಕ್ಕೆ ಹೋಗಿ ಬಾಗಿಲಿನಿಂದ ಅವನನ್ನು ಕಿತ್ತಳು.

"ಹೆದರ್ಬೇಡ. ನಿನ್ನನ್ನ ಇನ್ನೊಂದು ಗಂಡು ಅಂದ್ಕೊಂಡಿದಾನೆ ಅಷ್ಟೆ."

"ಅಂದ್ರೆ ಜಗಳಕ್ಕೆ ಬರ್ತಾನಾ?"

"ಅವನು ಜಗಳಕ್ಕೆ ಬರ್ಬಹುದು. ನಿನ್ನ ದನಿ ಮೆಚ್ಕೊಂಡು ಹೆಣ್ಣುಗಳೂ ಬರ್ಬಹುದು. ಯಾವ್ದು ಬೇಕು ನೋಡ್ಕೋ."

ಓನೆಜಿಮ್ ಬೇಯಿಸಿದ ಸಿಗಡಿಯ ಹಾಗೆ ಕೆಂಪಾದ. ಮುಂದಿನ ಭಾನುವಾರ ಒಂದು ಹೊಸ ಗಳ ಕೆತ್ತಿಕೊಂಡು ಬಂದ. ಅದರ ಮುಂದಿನ ಭಾನುವಾರ ಅಂಜೂರದ ಮುರಬ್ಬ. ಅದರ ಮುಂದಿನ ಭಾನುವಾರ ಅವಳ ಜಗಲಿಯ ಮೆಟ್ಟಿಲು ಗಟ್ಟಿಯಾಗಿದ್ದರೂ ಕಿತ್ತು, ಮತ್ತೆ ಜೋಡಿಸಿ ಹೋದ. ಎಲ್ಮೀರ್ ಅಕ್ಕನನ್ನು ಕೇಳಿದಳು, "ಇವನಿಗೇನು ಬೇಕಂತೆ?" ಕ್ಲೆಲಿ, "ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಗೊತ್ತಾದಾಗ ಹೇಳ್ತಾನೆ" ಅಂದಳು.

ಜೂನ್‌ನಲ್ಲಿ ಮದಾಮ್ ಎಂದಿನಂತೆ ಗೂಡು ಹಾಕಿದಳು. ಜೊಂಡು, ಹುಲ್ಲು, ಕೆಸರು ಬಾಯಲ್ಲಿ ಕಿತ್ತು ತಂದು ಸೊಂಟದೆತ್ತರ ಗುಡ್ಡೆ ಮಾಡಿ, ಮಧ್ಯೆ ಮೊಟ್ಟೆಯಿಟ್ಟು ಮುಚ್ಚಿದಳು. ಹುಲ್ಲು ಕೊಳೆಯುತ್ತ ಕೊಳೆಯುತ್ತ ಕಾವು ಕೊಡುತ್ತದೆ. ತಾಯಿ ಮೊಟ್ಟೆಯ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಕೂತು ಮೊಟ್ಟೆಗಳ್ಳ ರಕೂನುಗಳಿಗೆ ಬುಸುಗುಟ್ಟುತ್ತಾಳೆ. ಮೂರು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಕಡಲಿನ ಕಡೆಯಿಂದ ಬಿರುಗಾಳಿ ಬಂತು. ಒಂದೇ ಬೆಳಗಿನಲ್ಲಿ ಜೌಗಿನ ನೀರು ಮೊಳದಷ್ಟು ಏರಿ ಗೂಡಿನ ಅಂಚು ನೆಕ್ಕತೊಡಗಿತು. ಅರ್ಧ ದಿನ ನೀರಿನಡಿ ಇದ್ದರೆ ಮೊಟ್ಟೆಯೊಳಗಿನ ಮರಿ ಉಸಿರುಕಟ್ಟಿ ಸಾಯುತ್ತದೆ ಅಂತ ಕ್ಲೆಲಿಗೆ ಗೊತ್ತಿತ್ತು.

ಬಟ್ಟೆ ಒಗೆಯುವ ತಗಡಿನ ತೊಟ್ಟಿ, ಎಲ್ಮೀರ್ ಮರೆತು ಹೋಗಿದ್ದ ಹುಬ್ಬು ತೀಡುವ ಪೆನ್ಸಿಲು ತೆಗೆದುಕೊಂಡು ಅವಳು ಮಳೆಯಲ್ಲೇ ಹೊರಟಳು. ಮದಾಮ್ ಬಾಯಿ ತೆರೆದು ನುಗ್ಗಿದಳು. ಕ್ಲೆಲಿ ಹೊಸ ಗಳವನ್ನು ಅಡ್ಡ ಹಿಡಿದಳು. ಮದಾಮ್ ಅದನ್ನು ಕಬ್ಬಿನ ಹಾಗೆ ಲಟಕ್ಕನೆ ಮುರಿದಳು. "ತಗೋ, ಅದನ್ನೂ ತಿನ್ನು! ನಿನ್ನ ಮಕ್ಕಳಿಗೋಸ್ಕರ ಬಂದವಳನ್ನೂ ತಿನ್ನು!" ಅಂತ ಕ್ಲೆಲಿ ಬೈದ ರಭಸಕ್ಕೋ ಏನೋ, ಮದಾಮ್ ನಾಲ್ಕು ಹೆಜ್ಜೆ ಹಿಂದೆ ಸರಿದು ಬುಸುಗುಟ್ಟುತ್ತ ನಿಂತಳು. ಕ್ಲೆಲಿ ಒಂದೊಂದು ಮೊಟ್ಟೆಯ ನೆತ್ತಿಗೂ ಹುಬ್ಬಿನ ಪೆನ್ಸಿಲಿನಲ್ಲಿ ಗುರುತು ಮಾಡಿ, ಇದ್ದ ಮಗ್ಗುಲಲ್ಲೇ ಎತ್ತಿ, ಗೂಡಿನದೇ ಕೊಳೆತ ಹುಲ್ಲಿನ ಜೊತೆ ತೊಟ್ಟಿಗೆ ತುಂಬಿದಳು. ಮೂವತ್ತನಾಲ್ಕು.

ಮನೆಗೆ ಬಂದವಳೇ ವನ್ಯಜೀವಿ ಇಲಾಖೆಯ ಎವರಿಸ್ಟನಿಗೆ ಫೋನ್ ಮಾಡಿದಳು. ಅವನು ಬಯೂದ ಎಲ್ಲರ ಹಾಗೆ ಅವಳನ್ನು ತಾಂತ್ ಕ್ಲೆಲಿ, ಅಂದರೆ ಕ್ಲೆಲಿ ಅತ್ತೆ, ಅನ್ನುತ್ತಿದ್ದ.

"ಮಗುಚಲಿಲ್ಲ ತಾನೆ ತಾಂತ್? ಒಳಗಿನ ಜೀವ ಮೇಲ್ಚಿಪ್ಪಿಗೆ ಅಂಟ್ಕೊಂಡಿರುತ್ತೆ. ಮಗುಚಿದ್ರೆ ಸತ್ಹೋಗುತ್ತೆ."

"ನನಗೇ ಪಾಠ ಹೇಳ್ತೀಯೇನೋ?"

"ಸರಿ ಸರಿ, ನೀವೇ ಇಟ್ಕೊಳ್ಳಿ, ನಾನು ಬರ್ಕೋತೀನಿ. ಮರಿಯಾದ ಕೂಡ್ಲೆ ತಾಯಿ ಹತ್ರ ಬಿಡ್ಬೇಕು. ಒಲೆ ಹತ್ರ ತುಂಬ ಬಿಸಿಯಾಗ್ಬಾರ್ದು. ಬಿಸಿ ಸ್ವಲ್ಪ ಏರಿದ್ರೆ ಎಲ್ಲಾ ಗಂಡಾಗುತ್ವೆ, ತಂಪಿದ್ರೆ ಎಲ್ಲಾ ಹೆಣ್ಣು."

ಕ್ಲೆಲಿಗೆ ಇದು ಹೊಸ ವಿಷಯ. ಮನುಷ್ಯರಲ್ಲೂ ಹೀಗಿದ್ದಿದ್ದರೆ ಎಷ್ಟು ಮನೆಯ ಜಗಳ ತಪ್ಪುತ್ತಿತ್ತು ಅಂತ ಅವಳಿಗೆ ಅನ್ನಿಸಿತು. ಮುಂದಿನ ಏಳು ವಾರ ಅವಳು ತೊಟ್ಟಿಯನ್ನು ಒಲೆಯ ಕಡೆಗೆ ಒಂದು ಗೇಣು, ಕಿಟಕಿಯ ಕಡೆಗೆ ಒಂದು ಗೇಣು ಎಳೆದಾಡಿದಳು. ಬರೀ ಗಂಡಾದರೆ ಹೊಳೆ ತುಂಬ ಗುದ್ದಾಟ, ಬರೀ ಹೆಣ್ಣಾದರೆ ಗಂಡಿಗಾಗಿ ಕಾಯುವ ಗೋಳು. ಅದು ತನಗೆ ಚೆನ್ನಾಗಿ ಗೊತ್ತು ಅಂತ ಎಲ್ಮೀರ್ ಮುಂದೆ ಹೇಳಿ ತಾನೇ ನಕ್ಕಳು. ಮನೆಯೆಲ್ಲ ಕೊಳೆತ ಹುಲ್ಲಿನ ನಾತ. ಎಲ್ಮೀರ್ ಮೂಗು ಮುಚ್ಚಿಕೊಂಡು ಬಂದು, ತನ್ನ ಹುಬ್ಬಿನ ಪೆನ್ಸಿಲು ಕೇಳಿ, ಉತ್ತರ ಕೇಳಿ, ಪೆನ್ಸಿಲು ಬೇಡವೆಂದು ಹೋದಳು.

ಆಗಸ್ಟ್ ಕೊನೆಯ ಭಾನುವಾರ, ಊಟದ ಹೊತ್ತು ಕಳೆದ ಮೇಲೆ ಓನೆಜಿಮ್ ಬಂದ. ಈ ಸಲ ಟೈ ಕಟ್ಟಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಅವನಿಗೆ ತನಗೇನು ಬೇಕೆಂದು ಗೊತ್ತಾಗಿದೆ ಅಂತ ಕ್ಲೆಲಿಗೆ ನೋಡುತ್ತಲೇ ತಿಳಿಯಿತು. ಅವಳ ಕೈ ಸುಮ್ಮನೆ ಇರಲಾರದೆ ಎರಡು ಸಲ ಕಾಫಿ ಸೋಸಿತು. ಅವನು ಕುರ್ಚಿ ಎಳೆದು ತೊಟ್ಟಿಯ ಪಕ್ಕದಲ್ಲೇ ಕೂತ. ತೊಟ್ಟಿಯ ಮೇಲೆ ಗೋಣಿ ಹೊದಿಸಿತ್ತು. ಒಳಗೇನಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವನು ಏಳು ವಾರ ಆ ಮನೆಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ.

"ಕ್ಲೆಲಿ, ನಾನೊಂದು ಮಾತು…"

"ಉಂಫ್" ಅಂತು ಏನೋ.

ಓನೆಜಿಮ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಕ್ಷಮಿಸು. ಮಧ್ಯಾಹ್ನ ಬೀನ್ಸ್ ಜಾಸ್ತಿ ಆಯ್ತು."

"ಇರ್ಲಿ ಬಿಡು, ಹೇಳು."

"ನೀನೂ ಒಂಟಿ, ನಾನೂ ಒಂಟಿ. ಹೊಳೆ ಆಚೆ ಒಂದು ಒಲೆ, ಈಚೆ ಒಂದು ಒಲೆ…"

"ಉಂಫ್. ಉಂಫ್ ಉಂಫ್."

"ಇದು ನನ್ನದಲ್ಲ!" ಓನೆಜಿಮ್ ನೆಟ್ಟಗೆ ಎದ್ದುನಿಂತ. ಆಗ ಗೋಣಿಯೊಳಗಿಂದ ಒಂದಲ್ಲ, ಎರಡಲ್ಲ, ಮೂವತ್ತು ಗಂಟಲು ಒಟ್ಟಿಗೇ ಕೂಗಿಕೊಂಡವು. ಕ್ಲೆಲಿ ಕಾಫಿಯ ಪಾತ್ರೆ ಕುಕ್ಕಿ, "ಬಂದ್ರು! ಬಂದ್ರು!" ಅಂತ ಹೆರಿಗೆ ಮನೆಯ ಅಜ್ಜಿಯ ಹಾಗೆ ಓಡಿಬಂದು ಗೋಣಿ ಎಳೆದಳು.

ಹುಲ್ಲು ಅಲುಗಾಡುತ್ತಿತ್ತು. ಚಿಪ್ಪು ಬಿರಿದು ಒಂದು ಪುಟ್ಟ ಮೂತಿ ಹೊರಬಂತು. ಅದರ ತುದಿಯಲ್ಲಿ ಚಿಪ್ಪು ಕೊರೆಯುವುದಕ್ಕೆಂದೇ ಸಾಸಿವೆಯಷ್ಟು ಚೂಪು ಮೊನೆ. ಹಿಂದೆಯೇ ಗೇಣುದ್ದದ ಮೈ, ಕಪ್ಪು ಮೈಗೆ ಹಳದಿ ಪಟ್ಟೆ, ಹೊಸ ಅಂಗಿ ಹಾಕಿಕೊಂಡು ಹಬ್ಬಕ್ಕೆ ಹೊರಟಂತೆ. ಓನೆಜಿಮ್ ಗೋಡೆಗೆ ಅಂಟಿಕೊಂಡ.

"ಅಲ್ಲೇನ್ ನಿಂತಿದೀಯಾ? ಈ ನಾಲ್ಕಕ್ಕೆ ಚಿಪ್ಪು ಗಟ್ಟಿಯಾಗಿದೆ, ಹಿಡ್ಕೋ! ತಾಯಿಯಾಗಿದ್ರೆ ಬಾಯಲ್ಲಿ ಮೆಲ್ಲಗೆ ಒತ್ತಿ ಒಡೀತಿದ್ಲು. ನೀನು ಬೆರಳಲ್ಲಿ ಮಾಡು!"

"ನಾನಾ?"

"ಅಷ್ಟು ನಾಜೂಕಾಗಿ ದೋಣಿ ಜೋಡಿಸ್ತೀಯಲ್ಲಾ, ಮೊಟ್ಟೆ ಒಡೆಯೋಕಾಗಲ್ವಾ?"

ಬಡಗಿಯ ಹೆಮ್ಮೆಗೆ ಪೆಟ್ಟು ಬಿತ್ತು. ಓನೆಜಿಮ್ ಕಣ್ಣು ಅರ್ಧ ಮುಚ್ಚಿ ಒಂದು ಮೊಟ್ಟೆ ತೆಗೆದುಕೊಂಡು ಉಗುರಿನಿಂದ ಬಿಡಿಸಿದ. ಮರಿ ಅವನ ಅಂಗೈಗೆ ಜಾರಿ, ಅವನ ಮುಖವನ್ನೊಮ್ಮೆ ನೋಡಿ, ಟೈ ಕಚ್ಚಿಕೊಂಡು ನೇತಾಡಿತು. ಅವನು ಕಿರುಚಲು ಬಾಯಿ ತೆರೆದ. ಹೊರಗೆ ಬಂದಿದ್ದು ನಗು. ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ನಿಲ್ಲಿಸಲೂ ಆಗಲಿಲ್ಲ. ಅವನನ್ನು ನೋಡಿ ಕ್ಲೆಲಿಗೂ ನಗು. ಮರಿಗಳು ಮೇಜಿನ ಕೆಳಗೆ, ಅಕ್ಕಿ ಚೀಲದ ಹಿಂದೆ, ಅವನ ಚಪ್ಪಟೆ ಟೋಪಿಯೊಳಗೆ. ಇಬ್ಬರೂ ಮೊಣಕಾಲೂರಿ ಹಿಡಿಯುತ್ತ, ತಲೆಗೆ ತಲೆ ಡಿಕ್ಕಿ ಹೊಡೆಯುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂವತ್ತೊಂದು ಬದುಕಿದ್ದವು, ಮೂರು ಮೊಟ್ಟೆಯಲ್ಲಿ ಜೀವವಿರಲಿಲ್ಲ. ಆ ಮೂರನ್ನು ಕ್ಲೆಲಿ ಒಂದು ನಿಮಿಷ ಕೈಯಲ್ಲಿ ಹಿಡಿದು ನಿಂತಳು, ಆಮೇಲೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟಳು.

"ಈಗ ಇವ್ರನ್ನ ತಾಯಿ ಹತ್ರ ಸೇರಿಸ್ಬೇಕು. ದೋಣಿಯಲ್ಲಿ ತೊಟ್ಟಿ ಹಿಡ್ಕೊಳ್ಳೋಕೆ ಒಬ್ರು ಬೇಕು" ಅಂದಳು.

ಓನೆಜಿಮ್ ಟೈ ಸರಿಮಾಡಿಕೊಂಡು, "ಬರ್ತೀನಿ" ಅಂದ. ಹೇಳಿದ ಮೇಲೆ ಅವನ ಮುಖ ಬಿಳಿಚಿತು. ಆದರೂ ಬಂದ.

ಹೊಂಡದ ಮೇಲೆ ಬಿಸಿಲು ಚೆಲ್ಲಿತ್ತು. ಅಂತರಗಂಗೆಯ ನೀಲಿ ಹೂ. ತೊಟ್ಟಿಯಲ್ಲಿ ಇಪ್ಪತ್ತೆಂಟು ಮಂದಿಯ ಗದ್ದಲ. ಅಡುಗೆಮನೆಯ ಗಡಿಬಿಡಿಯಲ್ಲಿ ನುಸುಳಿದ ಮೂರು ಮರಿಗಳು ಓನೆಜಿಮ್‌ನ ಕೋಟಿನ ಜೇಬಿನಲ್ಲೇ ಉಳಿದಿದ್ದು ಅವನಿಗೂ ಗೊತ್ತಿರಲಿಲ್ಲ. ಹೊಂಡ ನಿಶ್ಶಬ್ದ. ಮದಾಮ್ ಹೊರಟುಹೋಗಿದ್ದಾಳೋ ಏನೋ ಅಂತ ಕ್ಲೆಲಿ ದಡದುದ್ದಕ್ಕೂ ಕಣ್ಣಾಡಿಸಿದಳು. ಅಷ್ಟರಲ್ಲಿ ಆಚೆ ದಡದ ಜೊಂಡು ಸೀಳಿತು, ನೀರಿನ ಮೇಲೊಂದು ಗೆರೆ ಬಾಣದ ಹಾಗೆ ದೋಣಿಯ ಕಡೆಗೆ ಬಂತು.

ಓನೆಜಿಮ್ ಎದ್ದ.

"ಕೂತ್ಕೋ ಮಾರಾಯ, ಕೂತ್ಕೋ!"

ಚಪ್ಪಟೆ ದೋಣಿಯಲ್ಲಿ ಎದ್ದುನಿಂತರೆ ಏನಾಗುತ್ತದೆ ಎಂದು ದೋಣಿ ಬಡಗಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವನು ತೊಟ್ಟಿಯನ್ನು ಕ್ಲೆಲಿಯ ಮಡಿಲಿಗೆ ತಳ್ಳಿ, ತಾನು ಬೆನ್ನಡಿಯಾಗಿ ನೀರಿಗೆ ಬಿದ್ದ. ಎದ್ದು ನಿಂತಾಗ ತೊಡೆಯವರೆಗೆ ಕೆಸರು ಹಿಡಿದುಕೊಂಡಿತ್ತು. ತಲೆಯ ಮೇಲೆ ಅಂತರಗಂಗೆಯ ಒಂದು ಬುಡ. ಜೇಬಿನಿಂದ ಉಂಫ್, ಉಂಫ್, ಉಂಫ್. ಮದಾಮ್ ನೇರ ಅವನ ಮುಂದೆ ಬಂದು, ಒಂದು ಮೊಳ ದೂರದಲ್ಲಿ ನಿಂತು, ಒಕ್ಕಣ್ಣಿನಿಂದ ಅವನನ್ನು ನೋಡಿದಳು.

"ಕ್ಲೆಲಿ," ಓನೆಜಿಮ್ ತುಟಿ ಅಲುಗಿಸದೆ ಪಿಸುಗುಟ್ಟಿದ, "ನನ್ನ ಜೇಬು ಅಳ್ತಾ ಇದೆ."

"ಮೆಲ್ಲಗೆ ಕೈ ಹಾಕು. ತೆಗೆದು ನೀರಿಗೆ ಬಿಡು. ಅವಳಿಗೆ ನೀನು ಬೇಡ, ಮಕ್ಕಳು ಬೇಕು."

"ಅವಳು ಹಾಗಂತ ಹೇಳಿದ್ಲಾ?"

"ಓನೆಜಿಮ್!"

ಅವನು ಕೈ ಹಾಕಿದ. ಒಂದು ಮರಿಯನ್ನು ತೆಗೆದು, ಅಂಗೈಯನ್ನು ನೀರಿಗೆ ತಗ್ಗಿಸಿದ. ಮದಾಮ್ ಬಾಯಿ ತೆರೆದಳು. ಗಳ ಮುರಿದ ಬಾಯಿ. ಮರಿ ಆ ಹಲ್ಲುಗಳ ನಡುವೆ ಸಲೀಸಾಗಿ ನಡೆದು ಒಳಗೆ ಹೋಯಿತು, ಬಾಯಿ ಮುಚ್ಚಿತು.

"ತಿಂದ್ಬಿಟ್ಲು!" ಓನೆಜಿಮ್ ಕೂಗಿದ. ಅವನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಈಗ ತಾನೇ ಹುಟ್ಟಿದ್ದು ಕ್ಲೆಲಿ, ನಾನೇ ಬಿಡಿಸಿದ್ದು!"

"ನೋಡು, ಸುಮ್ನೆ ನೋಡು."

ಮದಾಮ್ ಹೊಂಡದ ಆಳದ ಕಡೆಗೆ ನಾಲ್ಕು ಮಾರು ಹೋಗಿ, ತಲೆ ಒಂದಿಷ್ಟು ಓರೆ ಮಾಡಿ, ಬಾಯಿ ತೆರೆದಳು. ಮರಿ ಈಜಿಕೊಂಡು ಹೊರಬಂತು. ಮೈಮೇಲೆ ಒಂದು ಗೀರಿಲ್ಲ. ಕ್ಲೆಲಿ ತೊಟ್ಟಿಯನ್ನು ಮೆಲ್ಲಗೆ ಓರೆ ಮಾಡಿದಳು. ಉಳಿದವೆಲ್ಲ ಕಡಲೆ ಚೆಲ್ಲಿದ ಹಾಗೆ ನೀರಿಗೆ ಚೆಲ್ಲಿದವು, ಅಮ್ಮನ ಸದ್ದಿನ ಕಡೆಗೆ ಸಾಲಾಗಿ ಹೊರಟವು. ಕೆಲವು ಅವಳ ತಲೆ ಹತ್ತಿದವು, ಕೆಲವು ಬೆನ್ನಿನ ಮೇಲೆ ಬಿಸಿಲು ಕಾಯಿಸುತ್ತ ಕೂತವು. ಒಂದು ಪೋಕರಿ ಮೂತಿಯ ತುದಿಗೇ ಏರಿತು.

ಓನೆಜಿಮ್ ಕೆಸರಿನಲ್ಲೇ ನಿಂತು ಅತ್ತ, ನಕ್ಕ, ಎರಡೂ ಒಟ್ಟಿಗೆ ಮಾಡಿದ. ಜೇಬಿನ ಇನ್ನೆರಡನ್ನೂ ಕೈಯಾರೆ ಮದಾಮ್ ಮುಂದೆ ಬಿಟ್ಟ. ಆಮೇಲೆ ತಿರುಗಿ, ಹೂವಿನ ಬುಡ ತಲೆಯ ಮೇಲಿರುವಂತೆಯೇ, "ಕ್ಲೆಲಿ, ಮನೇಲಿ ಶುರು ಮಾಡಿದ ಮಾತು ಮುಗಿಸ್ಲಾ?" ಅಂದ.

"ಮುಗಿಸ್ಬೇಡ. ನೀನು ಮುಗಿಸೋ ಹೊತ್ತಿಗೆ ಇವಕ್ಕೆ ಮೊಮ್ಮಕ್ಕಳಾಗಿರುತ್ವೆ. ಹ್ಞೂಂ ಅಂದೆ, ದೋಣಿ ಹತ್ತು."

ಅವನಿಗೆ ಹತ್ತಲಾಗಲಿಲ್ಲ. ಅವಳು ಎಳೆದಳು, ಅವನು ಒದ್ದ, ಅವನ ಎರಡೂ ಬೂಟುಗಳನ್ನು ಕೆಸರು ಶಾಶ್ವತವಾಗಿ ಇಟ್ಟುಕೊಂಡಿತು. ದೋಣಿಯ ತಳದಲ್ಲಿ ಇಬ್ಬರೂ ಮಲಗಿ ಆಕಾಶ ನೋಡುತ್ತ, ಏದುಸಿರು ಬಿಡುತ್ತ, ಮತ್ತೆ ನಗುತ್ತ, ದೋಣಿ ತಾನಾಗಿ ಎತ್ತ ಹೋಯಿತೋ ಅತ್ತ ಹೋದರು.

ಅಕ್ಟೋಬರ್‌ನಲ್ಲಿ ಮದುವೆಯಾಯಿತು. ಎಲ್ಮೀರ್ ಅಕ್ಕನ ಹುಬ್ಬನ್ನು ಹೊಸ ಪೆನ್ಸಿಲಿನಲ್ಲಿ ತೀಡಿದಳು. ಓನೆಜಿಮ್ ತನ್ನ ಮನೆಯ ಒಲೆ ಆರಿಸಿ ಈಚೆ ದಡಕ್ಕೆ ಬಂದ.

ಜನವರಿಯಲ್ಲಿ ಆ ಸೀಮೆ ಕಾಣದಂಥ ಚಳಿ ಬಿತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಹೊಂಡದ ನೀರು ಹೆಪ್ಪುಗಟ್ಟಿ ಗಾಜಾಗಿತ್ತು. ಕ್ಲೆಲಿ ಕಂಬಳಿ ಹೊದ್ದು ಹೊರಬರುವಷ್ಟರಲ್ಲಿ ಓನೆಜಿಮ್ ಆಗಲೇ ದಡದಲ್ಲಿ ಹೊಟ್ಟೆಯಡಿಯಾಗಿ ಮಲಗಿದ್ದ, ಮೂಗು ಕೆಂಪಗೆ. ಮಂಜುಗಡ್ಡೆಯ ನಡುವೆ ಒಂದು ದೊಡ್ಡ ಮೂತಿಯ ತುದಿ ಮಾತ್ರ ಮೇಲೆ ನಿಂತಿತ್ತು. ಉಳಿದ ಮೈಯೆಲ್ಲ ಕೆಳಗೆ ಕಲ್ಲಿನ ಹಾಗೆ ನಿಶ್ಚಲ. ಸುತ್ತ ಬೆರಳ ತುದಿಯಷ್ಟು ಪುಟ್ಟ ಮೂತಿಗಳು. ಕೊಕ್ಕರೆ, ಮೀನು, ಆಮೆ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದವು.

"ಸತ್ತಿವೆಯೇನೇ?" ಅಂದ.

"ಶ್! ಉಸಿರಾಡೋಕೆ ಮೂಗು ಹೊರಗಿಟ್ಟು ನಿದ್ದೆ ಹೊಡೀತಿವೆ. ಬಿಸಿಲು ಬಂದ್ರೆ ಏಳ್ತಾವೆ."

ಓನೆಜಿಮ್ ಬೆರಳು ಮಡಿಸಿ ಎಣಿಸಿದ. ಹದಿಮೂರು. ತಪ್ಪಿತೇನೋ ಅಂತ ಮತ್ತೆ ಎಣಿಸಿದ, ಹದಿನಾಲ್ಕು ಬಂತು. ಹಿಗ್ಗಿ ಹೀರೆಕಾಯಿಯಾಗಿ ಎದ್ದು ನಿಂತು, ಮಂಜುಗಡ್ಡೆಯ ಮೇಲೊಂದು ಹೆಜ್ಜೆಯಿಟ್ಟು, ಬುಡಮೇಲಾಗಿ ಜಾರಿ, ದಡದ ಜೊಂಡಿನವರೆಗೆ ಸರ್ರನೆ ಹೋಗಿ ಬಿದ್ದ.

"ಕ್ಲೆಲಿ!" ಜೊಂಡಿನೊಳಗಿಂದ ದನಿ ಬಂತು. "ನೀನೂ ಬಾ, ಒಂದ್ಸಲ ಜಾರಿ ನೋಡು!"

ಅವಳು ಕಂಬಳಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಓಡಿದಳು.