ಕಾಶಮ್ಮ ಕಾಕಿಯ ಎಡೆಗೆ ಏನಿಡಬೇಕು?

“ಆಕಿ ಬಗ್ಗೆ ನಾಕು ಸಾಲು ಬರದು ಕೊಡವಾ.”

ಬುಧವಾರ ಎದುರು ಮನೆಯ ಮಾಣಿಕಪ್ಪ ಕಾಕಾ ಬಾಗಿಲಲ್ಲಿ ನಿಂತು ಹೀಗೆಂದಾಗ ನಾನು ಹೊಲಿಗೆ ಮಷಿನ್ ಮುಂದಿದ್ದೆ. ರೇಡಿಯೋ ನಾಟಕದ ಕೊನೆಯ ದೃಶ್ಯ ಬಾಕಿ. ಗೆಳತಿಯ ಪುಸ್ತಕಕ್ಕೆ ಮುನ್ನುಡಿ ಬಾಕಿ. (ಬರೆಯಲು ಬಾರದ ದಿನ ನಾನು ದಿಂಬಿನ ಕವರು ಹೊಲಿಯುತ್ತೇನೆ. ಮನೆಯಲ್ಲಿ ದಿಂಬಿಗಿಂತ ಕವರೇ ಜಾಸ್ತಿ.)

ಕಾಕಾನ ಹೆಂಡತಿ ಕಾಶಮ್ಮ ಕಾಕಿ ತೀರಿಕೊಂಡು ವಾರವಾಗಿತ್ತು. ಬಸವಕಲ್ಯಾಣದ ನಮ್ಮ ಓಣಿಯ ಮೂಲೆಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಬೇಕು, ಅದಕ್ಕೆ ಸಾಲು. ತ್ಯಾಗಮಯಿ, ಕರುಣಾಮಯಿ ಎಂದು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಎಲ್ಲ ಫ್ಲೆಕ್ಸಿನಲ್ಲೂ ಅದೇ ತಾನೇ? ಆದರೆ ಕಾಕಿ ನನಗೆ ಬೇಕಾದವರು.

“ಕಾಕಿಗೆ ಏನು ಭಾಳ ಸೇರ್ತಿತ್ರಿ, ಕಾಕಾ?” ಎಂದು ಕೇಳಿದೆ.

ಕಾಕಾ ಕಟ್ಟೆಯ ಮೇಲೆ ಕೂತುಬಿಟ್ಟರು.

“ಮನ್ಯಾಗೂ ಇದೇ ಮಾತು ನಡದದವಾ. ನಾಡಿದ್ದು ಎಡಿ ಇಡಬೇಕು. ಆಕೀಗಿ ಸೇರೋದೇ ಮಾಡ್ರಿ ಅಂತ ಹಿರ್ಯಾರು ಹೇಳಾಕತ್ಯಾರ. ಏನು ಸೇರ್ತಿತ್ತೋ ಯಾರಿಗೂ ಗೊತ್ತಿಲ್ಲ. ಮಗಳನ್ನ ಕೇಳಿದ್ರ ಎಲ್ಲಾನೂ ಸೇರ್ತಿತ್ತು ಅಂತಾಳ. ಉಳಿದದ್ದು ಉಣ್ಣಾಕಿ ಆಕಿ. ಹ್ಯಾಂಗ ಗೊತ್ತಾಗಬೇಕು?”

ಸಿಟ್ಟೂ ಬಂತು, ಸಂಕಟವೂ ಆಯಿತು. ಕಾಕಿಯ ಕೈರುಚಿಯನ್ನು ಇಡೀ ಓಣಿ ಕೊಂಡಾಡಿತು. ಅವರ ನಾಲಿಗೆಯ ರುಚಿ ಏನೆಂದು ಒಬ್ಬರೂ ಕೇಳಲಿಲ್ಲವೇ?

ನನಗೆ ಗೊತ್ತಿತ್ತು. (ನಾನೂ ಕೇಳಿ ತಿಳಿದದ್ದಲ್ಲ, ಕಣ್ಣಿಗೆ ಬಿದ್ದದ್ದು.)

ಚಿಟಗುಪ್ಪದ ತವರಿಗೆ ಹೋಗಿ ಬರುವಾಗ ಕಾಕಿ ಹುಮನಾಬಾದಿನಲ್ಲಿ ಬಸ್ ಬದಲಿಸುತ್ತಿದ್ದರು. ಹೋದ ವರ್ಷ ಒಂದು ಸಂಜೆ ನಾನೂ ಅಲ್ಲೇ ಇಳಿದೆ. ಬಸ್ ಸ್ಟ್ಯಾಂಡಿನ ಹೊರಗೆ ಗಾಡಿಯ ಮುಂದೆ ಕಾಕಿ ನಿಂತಿದ್ದರು, ಕೈಯಲ್ಲಿ ಬಿಸಿ ಬಿಸಿ ಮಿರ್ಚಿ ಭಜಿ. ಖಾರಕ್ಕೆ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಅಷ್ಟು ಖುಷಿಯಲ್ಲಿ ಅವರನ್ನು ಓಣಿಯಲ್ಲಿ ಎಂದೂ ಕಂಡಿರಲಿಲ್ಲ.

ನನ್ನ ಕೈಗೂ ಒಂದು ಇಟ್ಟು, “ಪ್ರತಿ ಸಲ ತಿಂತೀನವಾ. ಮನ್ಯಾಗ ಹೇಳಬ್ಯಾಡ ಮತ್ತ” ಎಂದಿದ್ದರು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ಈಗ? ಕೊಟ್ಟ ಮಾತು ದೊಡ್ಡದೋ, ಎಡೆ ದೊಡ್ಡದೋ? ಕಾಕಾನ ಮುಖ ನೋಡಲಾಗಲಿಲ್ಲ. ಹೇಳಿಬಿಟ್ಟೆ.

ಶುಕ್ರವಾರ ಕಾಕಾ ತಾವೇ ಹುಮನಾಬಾದಿಗೆ ಹೋಗಿ ಬಂದರು. ಹೋಳಿಗೆ, ಹುಗ್ಗಿಯ ಪಕ್ಕ ಪೇಪರಿನಲ್ಲಿ ಕಟ್ಟಿಸಿ ತಂದ ಭಜಿ ಇಟ್ಟರು. ಬಸ್ಸಿನಲ್ಲಿ ಬರುವಷ್ಟರಲ್ಲಿ ಅದು ತಣ್ಣಗಾಗಿ ಮೆತ್ತಗಾಗಿತ್ತು.

“ಎಡಿಯಾಗ ಭಜಿ ಏನ್ರಿ?” ಎಂದು ಬೀಗರೊಬ್ಬರು ಮೂಗು ಮುರಿದರು.

“ಇರ್ಲಿ ಬಿಡ್ರಿ” ಎಂದರು ಕಾಕಾ, ಅಷ್ಟೇ.

ಫ್ಲೆಕ್ಸಿಗೆ ಹೆಸರು, ಫೋಟೋ ಸಾಕೆಂದರು. ನನ್ನ ನಾಟಕ, ಮುನ್ನುಡಿ ಹಾಗೇ ಬಿದ್ದಿವೆ. ಮುಗಿಸಬೇಕೆಂದು ಕೂತಾಗಲೆಲ್ಲ ಕಾಕಾ ಕೇಳಿದ ಪ್ರಶ್ನೆಯೊಂದೇ ಕಿವಿಗೆ ಬರುತ್ತದೆ. ಎಲ್ಲರೂ ಉಂಡು ಹೋದ ಮೇಲೆ, ಆ ತಣ್ಣನೆಯ ಭಜಿಯ ಚೂರೊಂದನ್ನು ಬಾಯಿಗಿಟ್ಟುಕೊಂಡು ಕೇಳಿದ್ದು:

“ನಾ ಬ್ಯಾಡ ಅಂತಿದ್ದಿಲ್ಲ ಯವ್ವಾ. ಮತ್ತ ಆಕಿ ನನ್ನ ಮುಂದ ಯಾಕ ತಿನ್ನಲಿಲ್ಲ?”