ನೇಕಾರನ ಮಾಳಿಗೆಗೆ ಮೂರನೆಯ ಮಣ್ಣು

ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ನಾನು ನಮ್ಮೂರ ನೇಕಾರನ ಮನೆಯ ಮೇಲ್ವಿಚಾರಕಿಯಾಗಿದ್ದೆ. ಅದೇ ಶ್ರಾವಣದ ಒಂದು ಮಂಗಳವಾರ ಆ ಮನೆಯ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಕುಸಿದು ಗೌಂಡಿ ಹುಸೇನಸಾಬರು ತೀರಿಕೊಂಡರು. ತೊಲೆ ತಡೆಯಲಾರದಷ್ಟು ಮಣ್ಣು ಹಾಕಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಹೇಳುವಂಥ ಸಂಗತಿ ಇದಲ್ಲ.

ಆಳಂದದಿಂದ ಮಾದನಹಿಪ್ಪರಗಾಕ್ಕೆ ಹೋಗುವ ಬಸ್ಸು ನಮ್ಮೂರ ಮೇಲೆ ಹಾದು ಹೋಗುತ್ತದೆ. ಊರ ಹೆಸರು ಬರೆಯುವುದಿಲ್ಲ, ಹುಸೇನಸಾಬರ ಮನೆಯವರು ಇನ್ನೂ ಇಲ್ಲೇ ಇದ್ದಾರೆ. ಊರ ಹಳೆಯ ಓಣಿಯಲ್ಲಿ ಕಲ್ಲುಗೋಡೆಯ ಒಂದು ಸಣ್ಣ ಮನೆ ಇತ್ತು. ಬಹಮನಿ ಸುಲ್ತಾನರ ಕಾಲದ ನೇಕಾರನೊಬ್ಬನ ಮನೆ ಎಂದು ತಿಳಿದವರು ಹೇಳಿದರು. ನಮ್ಮ ಹಿರಿಯರು ಇನ್ನೂ ಹಿಂದಕ್ಕೆ ಹೋಗಿ ಶರಣರ ಕಾಲದ್ದೆನ್ನುತ್ತಿದ್ದರು. ಒಳಗೆ ಒಂದೇ ಕೋಣೆ, ಹದಿನಾಲ್ಕು ಅಡಿ ಉದ್ದ, ಹನ್ನೊಂದು ಅಡಿ ಅಗಲ. ನೆಲದಲ್ಲಿ ಮಗ್ಗದ ಕುಣಿ. ನೇಯುವವನು ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಿದ್ದ. ದನ ಕಟ್ಟಿ ಹಾಳುಗೆಡವಿದ್ದ ಆ ಮನೆಯನ್ನು ಒಂದು ಸಂಸ್ಥೆಯವರು ಮೊದಲಿದ್ದ ಹಾಗೆ ಎತ್ತಿ ಕಟ್ಟಿದರು. ಸಿಮೆಂಟು ಮುಟ್ಟಲಿಲ್ಲ. ಅದೇ ಕಲ್ಲು, ಅದೇ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಕುಣಿಯ ಮೇಲೆ ನೂಲು ಹೂಡಿದ ಒಂದು ಮಗ್ಗವನ್ನೂ ಇಟ್ಟರು.

ಅದನ್ನು ಸಾರಿಸಿ, ಬೀಗ ತೆಗೆದು, ಬಂದವರಿಗೆ ತೋರಿಸಲು ಊರವಳೇ ಒಬ್ಬಳು ಬೇಕಾಗಿದ್ದಳು. ನಾನು ಮೆಟ್ರಿಕ್ ಓದಿದವಳು, ಎರಡು ಮಕ್ಕಳ ಲಗ್ನ ಮಾಡಿ ಕೈ ಬಿಡುವಾಗಿದ್ದವಳು. ಬೆಳಿಗ್ಗೆ ಲಿಂಗಪೂಜೆ, ರೊಟ್ಟಿ ಮುಗಿಸಿ ಹತ್ತಕ್ಕೆ ಹೋದರೆ ನಾಲ್ಕಕ್ಕೆ ಮನೆ. ಐವತ್ತರ ಹೊಸ್ತಿಲಲ್ಲಿ ಶಿವ ನನಗೂ ಒಂದು ಕಾಯಕ ಕೊಟ್ಟ ಎಂದು ಸಂತೋಷವಾಗಿತ್ತು. ಹೊಗಳಿಕೆಯೂ ರುಚಿಸಿತ್ತು, ಸುಳ್ಳೇಕೆ ಹೇಳಲಿ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿಯರು ಬಂದು ನಾನು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದರು.

ಮಣ್ಣಿನ ಮಾಳಿಗೆಯ ಬಗ್ಗೆ ಎರಡು ಮಾತು ಹೇಳಬೇಕು. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಬಿಳಿ ಸವಳು ಮಣ್ಣು. ನೀರು ಬಿದ್ದರೆ ಅದು ಬಿಗಿದುಕೊಂಡು ಒಳಗೆ ಇಳಿಯಗೊಡುವುದಿಲ್ಲ. ಬಿಸಿಲಿಗೆ ಬಿರುಕು ಬಿಡುತ್ತದೆ, ಇಲಿ ತೂತು ಮಾಡುತ್ತದೆ. ಆದ್ದರಿಂದ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ. ಹಳೆಯದನ್ನು ಕೆರೆದು ಇಳಿಸಿ ಹೊಸದು ಹಾಕಬೇಕು. ಯಾರು ಇಳಿಸುತ್ತಾರೆ? ಎರಡು ದಿನದ ಕೆಲಸ, ಮನೆ ತುಂಬ ಧೂಳು. ಹಳೆಯದರ ಮೇಲೆ ಹೊಸದು ಸುರಿದು ತುಳಿದರೆ ಮಧ್ಯಾಹ್ನಕ್ಕೆ ಮುಗಿಯಿತು. ನನ್ನ ಅತ್ತೆ ಹಾಗೇ ಮಾಡಿಸಿದರು, ಅವರ ಅತ್ತೆಯೂ ಹಾಗೇ.

ಸಂಸ್ಥೆಯ ಇಂಜಿನಿಯರ್ ಕೀಲಿ ಕೊಡುವಾಗ ಒಂದು ಮಾತು ಹೇಳಿದ್ದರು: "ಅಮ್ಮಾ, ಮೇಲೆ ಆರು ಇಂಚು ಮಣ್ಣು ಇದೆ. ಸೋರಿದರೆ ನನಗೆ ಫೋನ್ ಮಾಡಿ. ನೀವಾಗಿ ಏನೂ ಹಾಕಿಸಬೇಡಿ." ನಾನು ಹೂಂ ಎಂದೆ. ಹುಟ್ಟಿದಾಗಿನಿಂದ ಮಾಳಿಗೆಯ ಕೆಳಗೆ ಮಲಗಿದವಳಿಗೆ ಈ ಹುಡುಗ ಏನು ಹೇಳುತ್ತಾನೆ ಎಂದುಕೊಂಡೆ.

ಮೊದಲ ಮಳೆಗಾಲದಲ್ಲೇ ಮಗ್ಗದ ಮೇಲೆ ನೀರು ತೊಟ್ಟಿಕ್ಕಿತು. ಫೋನ್ ಮಾಡಿದರೆ ಇವಳಿಗೆ ಮನೆ ನೋಡಿಕೊಳ್ಳಲು ಬರುವುದಿಲ್ಲ ಎಂದುಕೊಂಡಾರು ಎಂಬ ಅಂಜಿಕೆ. ಹುಸೇನಸಾಬರನ್ನು ಕರೆದೆ. ಅರವತ್ತು ದಾಟಿದವರು, ಊರ ಅರ್ಧ ಮಾಳಿಗೆಗಳನ್ನು ಮೆಟ್ಟಿದ ಕಾಲು ಅವರದು. ನಾನು ಚಾಚಾ ಎನ್ನುತ್ತಿದ್ದೆ, ಅವರು ತಂಗೆವ್ವ ಎನ್ನುತ್ತಿದ್ದರು. ಆ ವರ್ಷ ನಾಲ್ಕು ಇಂಚು ಹಾಕಿದರು. ಮರುವರ್ಷ ಇನ್ನೊಂದು ಮೂಲೆ ಸೋರಿತು, ಮತ್ತೆ ನಾಲ್ಕು ಇಂಚು. ಆಗಲೇ ಅವರು, "ಬರೋ ವರ್ಷ ಕೆರದ ಹಾಕೂಣು ತಂಗೆವ್ವ, ಭಾರ ಆಗ್ತದ" ಎಂದಿದ್ದರು.

ಮೂರನೆಯ ವರ್ಷ ಜೇವರ್ಗಿ ಕಡೆಯ ಕೊಳಕೂರಿನಿಂದ ಮಹಿಳಾ ಸಂಘದವರು ಮಂಗಳವಾರ ಬರುತ್ತೇವೆಂದು ತಿಳಿಸಿದರು. ಇಪ್ಪತ್ತೆರಡು ಜನ. ಅದಕ್ಕೆ ಐದು ದಿನ ಮುಂಚೆ ಮಳೆಯಾಗಿ ಮಗ್ಗದ ನೂಲೆಲ್ಲ ತೊಯ್ದಿತು. ಚಾಚಾ ಬಂದು ಏಣಿ ಹತ್ತಿ, ಕಾಲಿನಿಂದ ಮೇಲೆ ಮೆಟ್ಟಿ ನೋಡಿ, ಇಳಿದು ಬಂದರು.

"ಆಗಂಗಿಲ್ಲ ತಂಗೆವ್ವ. ಹಳೇದು ಇಳಸಬೇಕು. ಎರಡ ದಿನ ಬಿಸಲ ಬೇಕು."

"ಮಂಗಳವಾರ ಮಂದಿ ಬರಾಕತ್ತಾರ ಚಾಚಾ. ಈಗ ಒಂದ ಪದರ ಹಾಕ್ರಿ, ದೀಪಾವಳಿ ಆದಮ್ಯಾಲೆ ಎಲ್ಲಾ ಇಳಸೂಣು."

"ಮಂದಿಗೆ ಮುಂದಿನ ತಿಂಗಳ ಬರ್ರಿ ಅನ್ನು. ಐನೂರು ವರ್ಷ ನಿಂತ ಮನಿ ಒಂದ ತಿಂಗಳದಾಗ ಎಲ್ಲಿಗಿ ಓಡಿ ಹೋಗ್ತದ?"

ಆಗ ನಾನು ಒಂದು ಮಾತು ಆಡಿದೆ. ನಗುತ್ತಲೇ ಆಡಿದೆ: "ವಯಸ್ಸಾತೇನ್ರಿ ಚಾಚಾ? ಬುಟ್ಟಿ ಹೊರಾಕ ಆಗವಲ್ದಂದ್ರ ಹೇಳ್ರಿ, ಬ್ಯಾರೆ ಗೌಂಡಿಗಿ ಕರಸ್ತೇನಿ."

ಅವರು ನನ್ನ ಮುಖ ನೋಡಿದರು. ಆಮೇಲೆ ತಾವೂ ನಕ್ಕರು. "ನಿಂದು ಬಾಯಿ ಅಲ್ಲ ಬೇ, ಕತ್ತರಿ" ಎಂದು ಟವೆಲ್ ತಲೆಗೆ ಸುತ್ತಿಕೊಂಡರು. ಸಂಜೆಯೊಳಗೆ ಇನ್ನು ಮೂರು ಇಂಚು ಮಣ್ಣು ಬಿತ್ತು.

ಶನಿವಾರದಿಂದ ಮಳೆ ಹಿಡಿಯಿತು. ಮಂಗಳವಾರ ಬೆಳಿಗ್ಗೆ ಮಳೆ ಬಿಟ್ಟು ಸ್ವಲ್ಪ ಹೊಳವಾಯಿತು. ಕೋಣೆಗೆ ಹೋಗಿ ನೋಡಿದರೆ ಒಂದು ಹನಿ ಸೋರಿರಲಿಲ್ಲ. ಆವತ್ತು ಶಿವನಿಗೆ ಕೈಮುಗಿದೆ. ಸೋರದೆ ನಿಂತ ನೀರೆಲ್ಲ ಆ ಮಣ್ಣಿನೊಳಗೇ ಕೂತಿತ್ತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಹನ್ನೊಂದೂವರೆಗೆ ಕೊಳಕೂರಿನವರು ಬಂದರು. ಬಾಗಿಲು ನಾಲ್ಕೂವರೆ ಅಡಿ, ಎಲ್ಲರೂ ಬಗ್ಗಿ ಒಳಗೆ ಬರಬೇಕು. ಸಂಘದ ಹಿರಿಯಳು ಗುರುಬಾಯಿ ಎಂಬುವಳು ಬಗ್ಗುತ್ತಲೇ, "ಹಿಂದಿನ ಮಂದಿ ಉಂಡಿದ್ದಿಲ್ಲೇನವಾ, ಇಷ್ಟ ಸಣ್ಣ ಬಾಗಲಾ ಇಟ್ಟಾರ?" ಎಂದಳು. ಹಿಂದಿದ್ದವಳು, "ನೀ ಒಳಗ ಹೋದ್ರ ನಮಗ ಜಾಗಾ ಎಲ್ಲೈತಿ, ನೀ ಹೊರಗ ನಿಂದ್ರು" ಎಂದಳು. ಎಲ್ಲರೂ ನಕ್ಕರು. ಇಬ್ಬರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೋಡಿದರು. ನಾನು ಲಾಳಿ ಹಿಡಿದು ಹೇಗೆ ನೇಯುತ್ತಿದ್ದರೆಂದು ತೋರಿಸುತ್ತಿದ್ದೆ.

ಆಗ ಹುಸೇನಸಾಬರು ಬಾಗಿಲಲ್ಲಿ ಬಂದು ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ. ಮೂರು ದಿನದ ಮಳೆಗೆ ಮನಸ್ಸು ತಡೆಯದೆ ಬಂದಿದ್ದರು. ಗೋಡೆಯೊಳಗೆ ಹೊಕ್ಕ ತೊಲೆಯ ತುದಿಯನ್ನೇ ನೋಡಿದರು. ಅಲ್ಲಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು. ನಾನು ಅದನ್ನು ಬೆಳಿಗ್ಗೆ ಎರಡು ಸಲ ಗುಡಿಸಿ ಹಾಕಿದ್ದೆ.

"ಎಲ್ಲಾರೂ ಹೊರಗ ನಡ್ರಿ" ಎಂದರು.

"ಈಗ ಬಂದಾರ ಚಾಚಾ, ಇನ್ನೊಂದ ಐದ ನಿಮಿಷ—"

"ನಡ್ರಿ ಅಂದೆ!" ಅವರು ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕುಣಿಯಲ್ಲಿದ್ದವರನ್ನು ತೋಳು ಹಿಡಿದು ಎಬ್ಬಿಸಿದರು. ಆ ಸಣ್ಣ ಬಾಗಿಲಲ್ಲಿ ಒಬ್ಬೊಬ್ಬರಾಗಿ ಬಗ್ಗಿ ಇಪ್ಪತ್ತೆರಡು ಜನ ಹೊರಗೆ ಬರಲು ಎಷ್ಟು ಹೊತ್ತು ಹಿಡಿಯಿತೋ. ಕೊನೆಗೆ ಗುರುಬಾಯಿ, ಅವಳ ಹಿಂದೆ ನಾನು. ಚಾಚಾ ಹೊರಗೆ ಬಿದ್ದಿದ್ದ ಒಂದು ಜಾಲಿ ದಿಮ್ಮಿಯನ್ನು ಎಳೆದುಕೊಂಡು ಮತ್ತೆ ಒಳಗೆ ಹೋದರು.

"ಬ್ಯಾಡ ಬರ್ರಿ ಚಾಚಾ!"

"ತೊಲಿಗಿ ಟೇಕಾ ಕೊಟ್ಟ ಬರ್ತೇನಿ. ಮಗ್ಗರೆ ಉಳೀಲಿ."

ಅದೇ ಕೊನೆಯ ಮಾತು. ದೊಡ್ಡ ಸದ್ದೇನೂ ಆಗಲಿಲ್ಲ. ಗೋಣಿ ಚೀಲ ನೆಲಕ್ಕೆ ಹಾಕಿದಂಥ ಸದ್ದು, ಆಮೇಲೆ ಬಾಗಿಲಿನಿಂದ ಧೂಳು. ಓಣಿಯ ಗಂಡಸರು ಸಲಿಕೆ ತಂದರು. ಹಸಿ ಮಣ್ಣು ಸಲಿಕೆಗೆ ಬರುತ್ತಿರಲಿಲ್ಲ, ಕೈಯಿಂದ ಬಾಚಿದರು. ಚಾಚಾರ ಮಗ ಮೆಹಬೂಬ ಅಫಜಲಪುರದಲ್ಲಿ ಕೆಲಸ ಬಿಟ್ಟು ಬರುವಷ್ಟರಲ್ಲಿ ಅವರನ್ನು ಹೊರಗೆ ತೆಗೆದು ಮಲಗಿಸಿದ್ದರು. ತೊಲೆ ನೇರ ತಲೆಯ ಮೇಲೆ ಬಿದ್ದದ್ದರಿಂದ ನರಳಲಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ದೊಡ್ಡ ದಯೆ ಎಂದು ಹಿಡಿದುಕೊಂಡೆ. ಇಪ್ಪತ್ತೆರಡು ಹೆಣ್ಣುಮಕ್ಕಳು ತಮ್ಮ ಮನೆ ಸೇರಿದರು, ಅದು ಇನ್ನೂ ದೊಡ್ಡದು. ಆ ಶಿವನ ದಯೆಗಳನ್ನು ಎಷ್ಟು ಸಲ ಎಣಿಸಿದರೂ ಒಬ್ಬರು ಕಡಿಮೆ ಬೀಳುತ್ತಾರೆ.

ಐದನೆಯ ದಿನ ಶಾಲೆಯ ಕೋಣೆಯಲ್ಲಿ ವಿಚಾರಣೆ ಆಯಿತು. ಇಂಜಿನಿಯರ್ ಗೋಡೆಗೆ ಅಂಟಿ ಉಳಿದ ಮಣ್ಣನ್ನು ಅಳೆದಿದ್ದರು: ಹದಿನೇಳು ಇಂಚು. ಆರು ಇರಬೇಕಿದ್ದ ಕಡೆ ಹದಿನೇಳು. ಒಣಗಿದ್ದಾಗ ಹೇಗೋ ತಡೆದಿದ್ದ ತೊಲೆ ನೀರು ಕುಡಿದ ಮಣ್ಣಿನ ಭಾರಕ್ಕೆ ಗೋಡೆಯೊಳಗಿನ ತುದಿಯಲ್ಲಿ ಮುರಿದಿತ್ತು. ಆ ತುದಿಗೆ ಗೆದ್ದಲು ಹತ್ತಿತ್ತು, ಎತ್ತಿ ಕಟ್ಟುವಾಗ ಅದನ್ನು ನೋಡದೆ ಬಿಟ್ಟಿದ್ದು ತಮ್ಮ ತಪ್ಪು ಎಂದು ಅವರು ತಲೆ ತಗ್ಗಿಸಿ ಒಪ್ಪಿಕೊಂಡರು. ಸಂಸ್ಥೆಯ ಹಿರಿಯರು ಮಾತ್ರ ಬೇರೆ ಕಾಗದ ಬರೆದು ತಂದಿದ್ದರು. ಗೌಂಡಿ ಯಾರನ್ನೂ ಕೇಳದೆ ತನ್ನ ಮನಸ್ಸಿಗೆ ಬಂದಂತೆ ಮಣ್ಣು ಹೇರಿದ ಎಂದು ಅದರಲ್ಲಿತ್ತು.

"ಇಲ್ಲಿ ಸಹಿ ಮಾಡಿ ಅಮ್ಮಾ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ."

ತಪ್ಪು ಗೌಂಡಿಯ ಮೇಲೆ ಹೋಗುತ್ತದೆಂಬ ಸುದ್ದಿ ಕೇಳಿ ಹಿಂದಿನ ದಿನವೇ ನಮ್ಮ ಮನೆಯವರು ಹೇಳಿದ್ದರು: "ಸತ್ತವರಿಗಿ ಹೆಸರ ಬಂದ್ರೇನು, ಹ್ವಾದ್ರೇನು? ನೀ ಊರಾಗ ಬಾಳಬೇಕಲ್ಲ." ಆ ಮಾತು ನನಗೂ ಸರಿ ಕಂಡಿತ್ತು. ನಾಲ್ಕು ದಿನ ಪೂಜೆಗೆ ಕೂತರೂ ಬಾಯಿಬಿಟ್ಟು ಹೊರಗೆ ಯಾರಿಗೂ ಹೇಳಿರಲಿಲ್ಲ. ಆದರೆ ಮೆಹಬೂಬ ಬಾಗಿಲ ಹತ್ತಿರ ನಿಂತಿದ್ದ. ಅವನೂ ಗೌಂಡಿ. ಈ ಕಾಗದಕ್ಕೆ ಸಹಿ ಬಿದ್ದರೆ ಇನ್ನು ಅವನು ಮಾಳಿಗೆ ಕೆಡವಿದವನ ಮಗ. ನಮ್ಮ ತಾಲೂಕಿನಲ್ಲಿ ಯಾರು ಅವನನ್ನು ಮನೆಯ ಮೇಲೆ ಹತ್ತಗೊಡುತ್ತಾರೆ?

ಪೆನ್ನು ಕೆಳಗಿಟ್ಟೆ. "ಅವರು ಬ್ಯಾಡಂದ್ರು. ಎರಡ ಸಲ ಬ್ಯಾಡಂದ್ರು. ನಾನೇ ಹಟಾ ಮಾಡಿ ಹಾಕಿಸೇನ್ರಿ. ಮೂರೂ ವರ್ಷ ನಾನೇ ಹಾಕಿಸೇನಿ, ಯಾರಿಗೂ ಫೋನ್ ಮಾಡಿಲ್ಲ."

ಹಿರಿಯರು ಕಾಗದ ಮಡಚಿದರು. ನಾನು ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಅಲ್ಲಿಂದ ನೇರ ಹುಸೇನಸಾಬರ ಮನೆಗೆ ಹೋದೆ. ಅವರ ಹೆಂಡತಿ, ನಮ್ಮ ಚಾಚಿ, ಅಕ್ಕಿ ಆರಿಸುತ್ತ ಕೂತಿದ್ದರು. ಒಳಗೆ ಬಾ ಎನ್ನಲಿಲ್ಲ. ಹೊಸ್ತಿಲ ಹೊರಗೆ ಕೂತು ಎಲ್ಲ ಹೇಳಿದೆ, ವಯಸ್ಸಾಯಿತೇನು ಎಂದು ಅಂದದ್ದನ್ನೂ ಹೇಳಿದೆ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ನಂಗ ಗೊತ್ತದ ಶರಣವ್ವ. ಅವತ್ತೇ ಉಣ್ಣಾಕ ಕುಂತಾಗ ಹೇಳಿದ್ರು. ತಂಗೆವ್ವ ನಂಗ ಮುದುಕ ಅಂದಳು ಅಂತ ನಕ್ಕರು. ನಕ್ಕರ ಖರೆ, ಉಣ್ಣಲಿಲ್ಲ."

"ಮತ್ತ ನೀವು ಯಾರ ಮುಂದೂ ಹೇಳಲಿಲ್ಲಲ್ಲ ಚಾಚಿ?"

"ನಿನ್ನ ಬಾಯಿಂದ ಬರ್ಲಿ ಅಂತ ಕುಂತಿದ್ದೆ. ಇವತ್ತ ಬರದಿದ್ರ ನಾಳೆ ನಾ ಬರಾಕಿದ್ದೆ, ನಿನ್ನ ಬಾಗಲಿಗೆ." ಮೊರದಲ್ಲಿದ್ದ ಕಲ್ಲೊಂದನ್ನು ತೆಗೆದು ಹಾಕಿ, "ಈಗ ಹೋಗವಾ" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಶಪಿಸಲಿಲ್ಲವಲ್ಲ, ಅಷ್ಟನ್ನೇ ಹೊತ್ತುಕೊಂಡು ಬಂದೆ.

ಆ ಮನೆ ಒಂದು ವರ್ಷ ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತಿತ್ತು. ಆಮೇಲೆ ಹೊಸ ತೊಲೆ ಹಾಕಿದರು. ಇಂಜಿನಿಯರ್ ಹಟ ಹಿಡಿದು ಮಾಳಿಗೆಯ ಕೆಲಸ ಮೆಹಬೂಬನಿಗೇ ಕೊಡಿಸಿದರು. ಈಗ ಬೇರೆ ಹೆಣ್ಣುಮಗಳು ಕೀಲಿ ಇಟ್ಟುಕೊಂಡಿದ್ದಾಳೆ. ಅವಳು ಒಮ್ಮೆ ನನ್ನನ್ನು ಏನು ಜಾಗ್ರತೆ ಬೇಕು ಎಂದು ಕೇಳಿದಳು. ಮನೆ ತೋರಿಸುವುದಷ್ಟೇ ನಿನ್ನ ಕೆಲಸವಲ್ಲ, ಬಂದವರು ಬಾಗಿಲಲ್ಲಿ ನಿಂತಿರುವಾಗಲೇ ಇವತ್ತು ಆಗುವುದಿಲ್ಲ ಎಂದು ಬೀಗ ಹಾಕುವುದೂ ನಿನ್ನ ಕೆಲಸ ಎಂದೆ. ಅಷ್ಟು ದೂರದಿಂದ ಬಂದವರ ಮುಖ ಸಣ್ಣದಾಗುತ್ತದೆ, ಆಗಲಿ. ನನಗೆ ಆ ಕಾಯಕ ಕಲಿಸಿದ್ದು ಇದೊಂದೇ. ಕಲಿಯಲು ಹಿಡಿದದ್ದು ಒಂದು ಜೀವ.

ಮೆಹಬೂಬ ಈಗ ಊರಲ್ಲಿ ಯಾರ ಮಾಳಿಗೆ ಹತ್ತಿದರೂ ಮೊದಲು ಹಳೆಯ ಮಣ್ಣು ಇಳಿಸುತ್ತಾನೆ. ಇಳಿಸುವುದು ಬೇಡ, ಮೇಲೆ ಒಂದು ಪದರ ಎಳೆದುಬಿಡು ಎಂದರೆ ಅವನು ವಾದಿಸುವುದಿಲ್ಲ, ಸಿಟ್ಟಾಗುವುದಿಲ್ಲ. ಏಣಿ ಇಳಿದು, ಬುಟ್ಟಿ ಎತ್ತಿಕೊಂಡು ಮನೆಗೆ ಹೋಗುತ್ತಾನೆ. ಅವನ ತಂದೆಯೂ ಅವತ್ತು ಹಾಗೆ ಹೋಗಲೆಂದೇ ಏಣಿ ಇಳಿದು ಬಂದಿದ್ದರು. ನಾನು ಬಿಡಲಿಲ್ಲ.